ಸೆನ್ಸರ್ ಡೇಟಾದ ಟೆಕ್ಸ್ಟ್ ಫೈಲನ್ನು ಬೈನರಿಗೆ ಬದಲಾಯಿಸುವುದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಟೆಕ್ಸ್ಟ್ ಫೈಲಿಗೆ ಒಂದು ದೊಡ್ಡ ಗುಣವಿದೆ. ತೆರೆದ ಕೂಡಲೇ ಒಳಗೆ ಏನಿದೆ ಅಂತ ಕಾಣುತ್ತದೆ. 27.46 ಎಂದು ಬರೆದಿದ್ದರೆ ಅದು 27.46. ಬೈನರಿ ಫೈಲಿನಲ್ಲಿ ಈ ಅನುಕೂಲ ಇಲ್ಲ. ಅಲ್ಲಿರುವುದು ಬರೀ ಬೈಟ್‌ಗಳು. 186 ಮತ್ತು 10 ಎಂಬ ಎರಡು ಬೈಟ್‌ಗಳು ಉಷ್ಣಾಂಶವೋ, ಸಮಯದ ಒಂದು ತುಂಡೋ, ಯಾವುದೋ ಹೆಸರಿನ ಅಕ್ಷರವೋ ಎಂದು ಫೈಲ್ ತಾನಾಗಿ ಹೇಳುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಕೋಡ್ ಬರೆಯುವುದು ಚಿಕ್ಕ ಭಾಗ. ಟೆಕ್ಸ್ಟ್ ಸುಮ್ನೆ ತೋರಿಸಿಬಿಡುತ್ತಿದ್ದ ಸಂಗತಿಗಳನ್ನೆಲ್ಲ ಒಂದೊಂದಾಗಿ ನಿರ್ಧರಿಸಿ ಬರೆದಿಡುವುದೇ ದೊಡ್ಡ ಭಾಗ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆವರೆಗೂ ಹಿಡಿದುಕೊಂಡು ಹೋಗೋಣ. ಹವಾಮಾನ ಅಳೆಯುವ ಒಂದು ಯಂತ್ರ. ಅದು ಸೆಕೆಂಡಿಗೊಂದು ಸಾಲು ಬರೆಯುತ್ತದೆ. ಸಮಯ, ಉಷ್ಣಾಂಶ, ತೇವಾಂಶ, ಗಾಳಿಯ ಒತ್ತಡ, ಯಂತ್ರದ ಸ್ಥಿತಿ. ಒಂದು ಸಾಲು ಹೀಗಿರುತ್ತದೆ:

2024-03-15 10:30:00,27.46,61.2,912.85,0

ಸಾಲಿನ ಕೊನೆಯ ಗುರುತೂ ಸೇರಿ ಇದಕ್ಕೆ 40 ಬೈಟ್ ಬೇಕು. ದಿನಕ್ಕೆ 86,400 ಸಾಲು, ಅಂದರೆ 34,56,000 ಬೈಟ್. ಇದನ್ನೇ ಸಾಲಿಗೆ 12 ಬೈಟ್‌ನಂತೆ ಇಡುವುದು ನಮ್ಮ ಗುರಿ. ನಿಮ್ಮ ಡೇಟಾ ಬೇರೆ ಇರಬಹುದು. ಯೋಚಿಸುವ ದಾರಿ ಒಂದೇ.

ಮೊದಲು ಕೇಳಿಕೊಳ್ಳಿ: ಇದು ಬೇಕಾ?

ಫೈಲ್ ಚಿಕ್ಕದಿದ್ದರೆ ಅಥವಾ ಜನ ಅದನ್ನು ಕೈಯಾರೆ ತಿದ್ದುತ್ತಿದ್ದರೆ ಟೆಕ್ಸ್ಟಿನಲ್ಲೇ ಬಿಡಿ. ಜಾಗ ಉಳಿಸುವುದಷ್ಟೇ ಉದ್ದೇಶವಾದರೆ ಟೆಕ್ಸ್ಟ್ ಫೈಲನ್ನು ಜಿಜಿಪ್ ಮಾಡಿ (ಒತ್ತಿ ಚಿಕ್ಕದು ಮಾಡಿ) ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಎಚ್‌ಡಿಎಫ್5, ನೆಟ್‌ಸಿಡಿಎಫ್, ಪಾರ್ಕೆ, ಎಸ್‌ಕ್ಯೂಲೈಟ್ ಇವೆಲ್ಲ ಆಗಲೇ ಸಿದ್ಧ ಇರುವ ಬೈನರಿ ರೂಪಗಳು. ನಿಮ್ಮ ಡೇಟಾ ಓದುವವರು ಇವುಗಳಲ್ಲಿ ಒಂದನ್ನು ಬಳಸಬಲ್ಲರಾದರೆ ಅದನ್ನೇ ಬಳಸಿ. ನಿಮ್ಮದೇ ಹೊಸ ರೂಪ ಮಾಡಿದರೆ ಅದನ್ನು ಓದುವ ಪ್ರೋಗ್ರಾಂ ಬರೆಯುವ ಹೊಣೆಯೂ ನಿಮ್ಮದೇ.

ಹಾಗಾದರೆ ಯಾವಾಗ ಬೇಕು? ಓದುವ ಕಡೆ ಚಿಕ್ಕ ಮೈಕ್ರೋಕಂಟ್ರೋಲರ್ ಇದ್ದು, ಅದರಲ್ಲಿ ದೊಡ್ಡ ಲೈಬ್ರರಿಗಳಿಗೆ ಜಾಗ ಇಲ್ಲದಿದ್ದಾಗ. ಇನ್ನೊಂದು ಪ್ರೋಗ್ರಾಂ ಇಂಥದ್ದೇ ಬೈಟ್ ಜೋಡಣೆ ಬೇಕು ಎಂದು ಕೇಳಿದಾಗ. ಅಥವಾ ಫೈಲಿನ ನಡುವೆ ಎಲ್ಲಿಗೆ ಬೇಕಾದರೂ ನೇರವಾಗಿ ಹಾರಿ ಓದಬೇಕಾದಾಗ. ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಕಾರಣ ಅನ್ನಿಸುತ್ತದೆ. ಟೆಕ್ಸ್ಟಿನಲ್ಲಿ 50,000ನೇ ಸಾಲು ಬೇಕಿದ್ದರೆ ಅದರ ಹಿಂದಿನ ಸಾಲುಗಳನ್ನೆಲ್ಲ ದಾಟಬೇಕು. ಬೈನರಿಯಲ್ಲಿ ಎಲ್ಲ ಸಾಲೂ ಒಂದೇ ಉದ್ದ ಇರುವುದರಿಂದ ಒಂದು ಗುಣಾಕಾರ ಸಾಕು.

ಹಂತ 1: ಮೂಲ ಫೈಲನ್ನು ಅನುಮಾನದಿಂದ ಓದಿ

ಮೂಲ ಫೈಲನ್ನು ಮೊದಲು ಓದಲು ಮಾತ್ರ ಬರುವಂತೆ ಲಾಕ್ ಮಾಡಿ. ಅದನ್ನು ಸ್ಪ್ರೆಡ್‌ಶೀಟ್ ಪ್ರೋಗ್ರಾಂನಲ್ಲಿ ತೆರೆದು ಸೇವ್ ಮಾಡಬೇಡಿ. ಅವು ದಿನಾಂಕದ ರೂಪ ಬದಲಿಸುತ್ತವೆ, ಸಂಖ್ಯೆಯ ಮೊದಲಿಗೆ ಇರುವ ಸೊನ್ನೆಗಳನ್ನು ತೆಗೆದುಹಾಕುತ್ತವೆ. ಸಾದಾ ಟೆಕ್ಸ್ಟ್ ಎಡಿಟರ್ ಸಾಕು.

ಆಮೇಲೆ ಪ್ರತಿ ಕಾಲಮ್ಮಿಗೂ ಒಂದು ಚಿಕ್ಕ ಪ್ರೋಗ್ರಾಂನಿಂದ ಈ ವಿವರ ತೆಗೆಯಿರಿ: ಅತಿ ಚಿಕ್ಕ ಬೆಲೆ, ಅತಿ ದೊಡ್ಡ ಬೆಲೆ, ಬಿಂದುವಿನ ನಂತರ ಜಾಸ್ತಿ ಅಂದರೆ ಎಷ್ಟು ಅಂಕಿ, ಖಾಲಿ ಜಾಗ ಎಷ್ಟು, ಸಂಖ್ಯೆಯೇ ಅಲ್ಲದ ಪದಗಳು ಯಾವುವು. ಈ ಪಟ್ಟಿ ಕೈಯಲ್ಲಿಲ್ಲದೆ ಮುಂದೆ ಹೋಗಬೇಡಿ. ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆಯೇ ನಿಂತಿವೆ.

ಈ ಹಂತದಲ್ಲಿ ಸಾಮಾನ್ಯವಾಗಿ ಸಿಗುವ ತೊಡಕುಗಳು ಕೆಲವಿವೆ. ಫೈಲಿನ ಆರಂಭದಲ್ಲಿ 239, 187, 191 ಎಂಬ ಮೂರು ಬೈಟ್ ಅಡಗಿರಬಹುದು. ಅದು ಯುಟಿಎಫ್-8 (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಒಂದು ಕ್ರಮ) ಫೈಲ್ ಎಂದು ತಿಳಿಸುವ ಗುರುತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಮೊದಲ ಸಾಲಿನ ದಿನಾಂಕವನ್ನು ಕೆಡಿಸುತ್ತದೆ. ಕೆಲವು ದೇಶಗಳ ಯಂತ್ರಗಳು ದಶಮಾಂಶ ಬಿಂದುವಿನ ಬದಲು ಅಲ್ಪವಿರಾಮ ಬರೆಯುತ್ತವೆ. ವಿದ್ಯುತ್ ಹೋದಾಗ ಅರ್ಧಕ್ಕೇ ನಿಂತ ಸಾಲು ಇರಬಹುದು. ಅಳತೆ ಸಿಗದಾಗ ಒಂದು ಯಂತ್ರ ಜಾಗವನ್ನು ಖಾಲಿ ಬಿಟ್ಟರೆ, ಇನ್ನೊಂದು -999 ಎಂದು ಬರೆಯುತ್ತದೆ. ಆ -999 ಅನ್ನು ನಿಜವಾದ ಉಷ್ಣಾಂಶ ಎಂದುಕೊಂಡರೆ ಮುಂದಿನ ಸರಾಸರಿಗಳೆಲ್ಲ ಹಾಳು.

ಹಂತ 2: ಪ್ರತಿ ಕಾಲಮ್ಮಿಗೆ ಜಾಗ ಗೊತ್ತುಮಾಡಿ

ಇಲ್ಲಿ ನಿಧಾನವಾಗಿ ಹೋಗೋಣ. ತಪ್ಪುಗಳು ಹುಟ್ಟುವುದೇ ಇಲ್ಲಿ.

ಎಲ್ಲ ಕಾಲಮ್ಮುಗಳನ್ನೂ 4 ಬೈಟ್‌ನ ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ರೂಪ) ಮಾಡಿ ಒಂದೇ ಅರೇಗೆ (ಸಂಖ್ಯೆಗಳ ಪಟ್ಟಿಗೆ) ಹಾಕಿಬಿಡೋಣ ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ. ಈ ಫ್ಲೋಟ್‌ನಲ್ಲಿ ಸಂಖ್ಯೆಯ ನಿಖರತೆಗೆ ಸಿಗುವುದು 24 ಬಿಟ್ ಮಾತ್ರ, ಅಂದರೆ ಸುಮಾರು 7 ಅಂಕಿ. ನಮ್ಮ ಉದಾಹರಣೆಯ ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿ ಬರೆದರೆ 1710498600 ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳ ಹತ್ತಿರ ಈ ಫ್ಲೋಟ್ ಒಂದು ಬೆಲೆಯಿಂದ ಮುಂದಿನ ಬೆಲೆಗೆ 128ರ ಹೆಜ್ಜೆ ಇಡುತ್ತದೆ. ಅಂದರೆ ಎರಡು ನಿಮಿಷಕ್ಕೂ ಜಾಸ್ತಿ ಹೊತ್ತಿನ ಅಳತೆಗಳೆಲ್ಲ ಒಂದೇ ಸಮಯದ ಮೇಲೆ ಬಂದು ಕೂರುತ್ತವೆ. ಪ್ರೋಗ್ರಾಂ ಎಲ್ಲೂ ದೂರು ಹೇಳುವುದಿಲ್ಲ.

ಸಮಯಕ್ಕೆ 4 ಬೈಟ್‌ನ ಪೂರ್ಣಾಂಕ ಇಡೋಣ, ಚಿಹ್ನೆ ಇಲ್ಲದ್ದು, ಅಂದರೆ ಸೊನ್ನೆಗಿಂತ ಕೆಳಗಿನ ಸಂಖ್ಯೆ ಹಿಡಿಸದ್ದು. ಚಿಹ್ನೆ ಇರುವ 4 ಬೈಟ್ ಆದರೆ 2038ರ ಜನವರಿ 19ಕ್ಕೆ ಎಣಿಕೆ ತುಂಬಿಹೋಗುತ್ತದೆ. ಚಿಹ್ನೆ ಇಲ್ಲದ್ದು 2106ರ ಫೆಬ್ರವರಿವರೆಗೆ ಬರುತ್ತದೆ. ಅದೂ ಸಾಲದು ಅಥವಾ ಸೆಕೆಂಡಿಗಿಂತ ಚಿಕ್ಕ ಅಳತೆ ಬೇಕು ಅಂದರೆ 8 ಬೈಟ್ ತೆಗೆದುಕೊಳ್ಳಿ. ಸಮಯದ ವಿಷಯದಲ್ಲಿ ಜಿಪುಣತನ ಬೇಡ. ಜಿಪಿಎಸ್ ಉಪಗ್ರಹಗಳ ಹಳೆಯ ಸಂದೇಶದಲ್ಲಿ ವಾರದ ಎಣಿಕೆಗೆ ಇಟ್ಟದ್ದು 10 ಬಿಟ್ ಮಾತ್ರ. 1,024 ವಾರ ಆದ ಮೇಲೆ ಎಣಿಕೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಇದಕ್ಕೆ ಸಿದ್ಧವಾಗಿರದ ರಿಸೀವರುಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು.

ಸಮಯವನ್ನು ಯುಟಿಸಿಗೆ (ಎಲ್ಲ ಕಡೆ ಒಂದೇ ಇರುವ ವಿಶ್ವ ಸಮಯಕ್ಕೆ) ಬದಲಾಯಿಸಿಯೇ ಬರೆಯಿರಿ. ಮೂಲ ಫೈಲಿನಲ್ಲಿ ಯಾವ ಟೈಮ್ ಝೋನ್ ಎಂದು ಬರೆದಿಲ್ಲದಿದ್ದರೆ ಯಂತ್ರ ನೋಡಿಕೊಳ್ಳುವವರನ್ನು ಕೇಳಿ ತಿಳಿದುಕೊಳ್ಳಿ. ಊಹೆ ಬೇಡ. ನಮ್ಮ ಉದಾಹರಣೆಯ ಯಂತ್ರ ಯುಟಿಸಿಯಲ್ಲೇ ಬರೆಯುತ್ತದೆ ಎಂದುಕೊಳ್ಳೋಣ.

ಉಷ್ಣಾಂಶ. ಯಂತ್ರ ಕೊಡುವುದೇ ಎರಡು ದಶಮಾಂಶ ಅಂಕಿ. ಹಾಗಾಗಿ 100ರಿಂದ ಗುಣಿಸಿ 2746 ಎಂದು 2 ಬೈಟ್‌ನ, ಚಿಹ್ನೆ ಇರುವ ಪೂರ್ಣಾಂಕವಾಗಿ ಇಡಬಹುದು. ಅದರಲ್ಲಿ -32,768ರಿಂದ 32,767ರವರೆಗೆ ಹಿಡಿಸುತ್ತದೆ. ಎಂದರೆ 327 ಡಿಗ್ರಿವರೆಗೂ ಜಾಗ ಇದೆ. ಗಾಳಿಯ ಉಷ್ಣಾಂಶಕ್ಕೆ ಧಾರಾಳ ಸಾಕು. ಫ್ಲೋಟ್‌ಗಿಂತ ಇದು ಅರ್ಧ ಜಾಗ ತಿನ್ನುತ್ತದೆ, ಬೆಲೆಯೂ ಅಳೆದಷ್ಟೇ ನಿಖರವಾಗಿ ಉಳಿಯುತ್ತದೆ.

ಒಂದು ಎಚ್ಚರಿಕೆ. ಗುಣಿಸಿದ ಮೇಲೆ ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿ. ಬಿಂದುವಿನ ನಂತರದ ಭಾಗವನ್ನು ಕತ್ತರಿಸಿ ಬಿಸಾಡಬೇಡಿ. ಕಂಪ್ಯೂಟರಿನ ಫ್ಲೋಟ್ ಲೆಕ್ಕದಲ್ಲಿ 0.29 ಗುಣಿಸು 100 ಅಂದರೆ 29 ಬರುವುದಿಲ್ಲ, 28.999999999999996 ಬರುತ್ತದೆ. ಕತ್ತರಿಸಿದರೆ 28 ಉಳಿಯುತ್ತದೆ. ಪೈಥಾನ್‌ನಲ್ಲಿ ಇಂಟ್ ಬಳಸುವ ಮೊದಲು ರೌಂಡ್ ಬಳಸಿ. ಡೆಸಿಮಲ್ ಮಾಡ್ಯೂಲ್ ಬಳಸಿ ಟೆಕ್ಸ್ಟಿನಿಂದ ನೇರ ಲೆಕ್ಕ ಮಾಡಿದರೆ ಇನ್ನೂ ಒಳ್ಳೆಯದು.

ತೇವಾಂಶ ಸುಲಭ. ಒಂದೇ ದಶಮಾಂಶ ಅಂಕಿ ಇದೆ. 10ರಿಂದ ಗುಣಿಸಿದರೆ 612. ಚಿಹ್ನೆ ಇಲ್ಲದ 2 ಬೈಟ್.

ಒತ್ತಡದಲ್ಲಿ ಒಂದು ಗುಂಡಿ ಇದೆ. 912.85 ಹೆಕ್ಟೋಪ್ಯಾಸ್ಕಲನ್ನು 100ರಿಂದ ಗುಣಿಸಿದರೆ 91285. ಚಿಹ್ನೆ ಇಲ್ಲದ 2 ಬೈಟ್‌ನಲ್ಲಿ ಹಿಡಿಸುವುದು 65,535 ಮಾತ್ರ. 4 ಬೈಟ್ ಕೊಡಬಹುದು, ಅಥವಾ ಮೊದಲು 500 ಕಳೆದು ಆಮೇಲೆ ಗುಣಿಸಬಹುದು. 412.85 ಗುಣಿಸು 100, ಅಂದರೆ 41285. ಈಗ 2 ಬೈಟ್‌ನಲ್ಲಿ ಕೂರುತ್ತದೆ. 500ರಿಂದ ಸುಮಾರು 1,155ರವರೆಗಿನ ಒತ್ತಡವನ್ನು ಹೀಗೆ ಬರೆಯಬಹುದು. ನೆಟ್‌ಸಿಡಿಎಫ್ ಫೈಲುಗಳಲ್ಲೂ ಹೀಗೆ ಗುಣಕ ಮತ್ತು ಆಫ್‌ಸೆಟ್ (ನಮ್ಮ 500ರಂಥ ಸಂಖ್ಯೆ) ಬಳಸುವುದು ಹಳೆಯ ರೂಢಿ.

ಆದರೆ ಯಂತ್ರ ನೆಲದ ಮೇಲೆ ಇದ್ದರೆ ಮಾತ್ರ ಇದು ಸರಿ. ಅದನ್ನೇ ಹವಾಮಾನ ಬಲೂನಿಗೆ ಕಟ್ಟಿ ಹಾರಿಸಿದರೆ ಸುಮಾರು 5,500 ಮೀಟರ್ ಎತ್ತರದಲ್ಲಿ ಒತ್ತಡ 500ಕ್ಕೆ ಇಳಿಯುತ್ತದೆ. ಅಲ್ಲಿಂದ ಮೇಲೆ ನಮ್ಮ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹಾಗಾಗಿ ಪ್ರತಿ ಬೆಲೆಯನ್ನೂ ಬರೆಯುವ ಮೊದಲು ಅದು ಮಿತಿಯೊಳಗೆ ಇದೆಯಾ ಎಂದು ಕೋಡಿನಲ್ಲೇ ಪರೀಕ್ಷಿಸಿ. ಇಲ್ಲದಿದ್ದರೆ ಸಾಲಿನ ಸಂಖ್ಯೆ ತೋರಿಸಿ ನಿಲ್ಲಿಸಿ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡಿಗೆ ನಾಶವಾಯಿತು. 64 ಬಿಟ್‌ನ ಒಂದು ಫ್ಲೋಟ್ ಬೆಲೆಯನ್ನು ಚಿಹ್ನೆ ಇರುವ 16 ಬಿಟ್ ಪೂರ್ಣಾಂಕಕ್ಕೆ ಬದಲಾಯಿಸುವಾಗ ಅದು ಹಿಡಿಸಲಿಲ್ಲ. ಆ ಕೋಡ್ ಏರಿಯಾನ್ 4ಕ್ಕೆ ಬರೆದದ್ದು. ಅಲ್ಲಿ ಆ ಬೆಲೆ ಯಾವತ್ತೂ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಹೊಸ ರಾಕೆಟ್ಟಿನ ವೇಗ ಬೇರೆ ಇತ್ತು. ನಾವು ಮಾಡುತ್ತಿರುವುದು ಇದೇ ಥರದ ಬದಲಾವಣೆ.

ಸ್ಥಿತಿಗೆ 1 ಬೈಟ್. ಅದರ 8 ಬಿಟ್‌ಗಳಲ್ಲಿ ಒಂದೊಂದಕ್ಕೂ ಒಂದು ಅರ್ಥ ಕೊಡಬಹುದು: ಬ್ಯಾಟರಿ ಕಡಿಮೆ, ಸೆನ್ಸರ್ ದೋಷ, ಹೀಗೆ. ಇದಕ್ಕೆ ಇನ್ನೊಂದು ಖಾಲಿ ಬೈಟ್ ಸೇರಿಸಿ. ಒಟ್ಟು 12 ಆಗುತ್ತದೆ. ಖಾಲಿ ಬೈಟ್ ಯಾಕೆ ಎಂದು ಹಂತ 3ರಲ್ಲಿ ಹೇಳುತ್ತೇನೆ.

ಇನ್ನು ಅಳತೆ ಸಿಗದ ಜಾಗ. ಬೈನರಿಯಲ್ಲಿ 'ಖಾಲಿ' ಎಂಬುದೇ ಇಲ್ಲ. ಪ್ರತಿ ಜಾಗದಲ್ಲೂ ಏನೋ ಒಂದು ಸಂಖ್ಯೆ ಇದ್ದೇ ಇರುತ್ತದೆ. ಸೊನ್ನೆ ಬರೆಯಬೇಡಿ, ಸೊನ್ನೆ ಡಿಗ್ರಿ ನಿಜವಾದ ಉಷ್ಣಾಂಶ ಅಲ್ವಾ? ಎಂದೂ ಬರಲಾರದ ಒಂದು ಬೆಲೆಯನ್ನು ಇದಕ್ಕೆಂದೇ ಮೀಸಲಿಡಿ. ಉಷ್ಣಾಂಶಕ್ಕೆ -32,768. ತೇವಾಂಶ, ಒತ್ತಡಕ್ಕೆ 65,535. ಮೂಲದಲ್ಲಿರುವ -999, ಖಾಲಿ ಜಾಗ, ದೋಷದ ಪದಗಳು ಎಲ್ಲವೂ ಈ ಬೆಲೆಗೇ ಬರಲಿ.

ಹಂತ 3: ಬೈಟ್‌ಗಳ ಕ್ರಮ ಮತ್ತು ಜೋಡಣೆ

ಒಂದಕ್ಕಿಂತ ಜಾಸ್ತಿ ಬೈಟ್ ಇರುವ ಸಂಖ್ಯೆಯನ್ನು ಎರಡು ಥರ ಬರೆಯಬಹುದು. ಚಿಕ್ಕ ಭಾಗ ಮೊದಲು ಬಂದರೆ ಲಿಟಲ್ ಎಂಡಿಯನ್, ದೊಡ್ಡ ಭಾಗ ಮೊದಲು ಬಂದರೆ ಬಿಗ್ ಎಂಡಿಯನ್. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಲಿಟಲ್ ಎಂಡಿಯನ್. ಇಂಟರ್ನೆಟ್ಟಿನ ಮೂಲ ಪ್ರೋಟೋಕಾಲ್‌ಗಳು ಬಿಗ್ ಎಂಡಿಯನ್. ಯಾವುದಾದರೂ ಸರಿ, ಒಂದನ್ನು ಆರಿಸಿ ಬರೆದಿಡಿ. 'ನನ್ನ ಕಂಪ್ಯೂಟರ್ ಹೇಗೆ ಬರೆಯುತ್ತದೋ ಹಾಗೆ' ಎಂದು ಮಾತ್ರ ಬಿಡಬೇಡಿ. ನಾವು ಲಿಟಲ್ ಎಂಡಿಯನ್ ತೆಗೆದುಕೊಳ್ಳೋಣ.

ಈಗ ನಮ್ಮ ಸಾಲನ್ನು ಕೈಯಾರೆ ಬದಲಾಯಿಸಿ ನೋಡಿ. ಕಾಗದ ಪೆನ್ನು ಹಿಡಿದು ಒಂದು ಸಾಲನ್ನಾದರೂ ಹೀಗೆ ಮಾಡಿ ಎಂದು ಒತ್ತಿ ಹೇಳುತ್ತೇನೆ. ಮುಂದೆ ಪ್ರೋಗ್ರಾಂ ಸರಿಯಿದೆಯಾ ಎಂದು ನೋಡಲು ಇದಕ್ಕಿಂತ ನಂಬಿಕೆಯ ಅಳತೆಗೋಲು ಇಲ್ಲ.

ಉಷ್ಣಾಂಶ 2746. ಅದನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 10, ಶೇಷ 186. ಚಿಕ್ಕ ಭಾಗ ಮೊದಲು, ಹಾಗಾಗಿ 186, 10. ಮಿಕ್ಕವೂ ಹೀಗೆಯೇ:

ಸಮಯ 1710498600: 40, 35, 244, 101
ಉಷ್ಣಾಂಶ 2746: 186, 10
ತೇವಾಂಶ 612: 100, 2
ಒತ್ತಡ 41285: 69, 161
ಸ್ಥಿತಿ 0: 0
ಖಾಲಿ: 0

40 ಬೈಟ್‌ನ ಸಾಲು 12 ಬೈಟ್ ಆಯಿತು. ಉಷ್ಣಾಂಶ -3.25 ಆಗಿದ್ದರೆ? -325ಕ್ಕೆ 65,536 ಕೂಡಿಸಿ. 65211 ಬರುತ್ತದೆ. ಬೈಟ್‌ಗಳು 187, 254.

ಆ ಖಾಲಿ ಬೈಟ್‌ನ ವಿಷಯ. ಸಿ ಭಾಷೆಯ ಕಂಪೈಲರ್‌ಗಳು ಸ್ಟ್ರಕ್ಟ್‌ನೊಳಗೆ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಕಟ್ಟಿನೊಳಗೆ) ತಾವಾಗಿಯೇ ಖಾಲಿ ಬೈಟ್ ತುಂಬುತ್ತವೆ. 4 ಬೈಟ್‌ನ ಸಂಖ್ಯೆ 4ರಿಂದ ಭಾಗವಾಗುವ ಜಾಗದಲ್ಲೇ ಶುರುವಾಗಲಿ ಎಂಬುದು ಅವುಗಳ ಲೆಕ್ಕ. ನಮ್ಮ 11 ಬೈಟ್‌ನ ಜೋಡಣೆಯನ್ನು ಅವು ಸದ್ದಿಲ್ಲದೆ 12 ಮಾಡುತ್ತವೆ. ಅದೇ ಸ್ಥಿತಿಯ ಬೈಟನ್ನು ಮೊದಲು ಇಟ್ಟಿದ್ದರೆ ಸಾಮಾನ್ಯ ಕಂಪೈಲರಿನಲ್ಲಿ 16 ಆಗುತ್ತಿತ್ತು. ಆದ್ದರಿಂದ ದೊಡ್ಡವನ್ನು ಮೊದಲು ಇಡಿ, ಚಿಕ್ಕವನ್ನು ಕೊನೆಗೆ ಇಡಿ, ಉಳಿದ ಖಾಲಿಯನ್ನು ನೀವೇ ಹೆಸರಿಟ್ಟು ಸೇರಿಸಿ. ಆಗ ಯಾರು ಯಾವ ಭಾಷೆಯಲ್ಲಿ ಓದಿದರೂ ಅಳತೆ ಒಂದೇ.

ಹಂತ 4: ಫೈಲಿಗೆ ಹೆಡರ್ ಕೊಡಿ

ಬರೀ 12 ಬೈಟ್‌ಗಳ ಸರಮಾಲೆ ಬರೆದರೆ ಕೆಲಸ ನಡೆಯುತ್ತದೆ. ಆದರೆ ಐದು ವರ್ಷ ಬಿಟ್ಟು ಯಾರಿಗಾದರೂ ಆ ಫೈಲ್ ಸಿಕ್ಕರೆ ಅದು ಏನೆಂದು ಕಂಡುಹಿಡಿಯುವುದು ಬಹಳ ಕಷ್ಟ. ಹಾಗಾಗಿ ಮೊದಲಿಗೆ 64 ಬೈಟ್‌ನ ಹೆಡರ್, ಅಂದರೆ ಫೈಲಿನ ಬಗ್ಗೆ ಹೇಳುವ ತಲೆಭಾಗ, ಇಡೋಣ.

ಮೊದಲ 8 ಬೈಟ್: ಗುರುತು
ಮುಂದಿನ 2: ಆವೃತ್ತಿ
2: ಹೆಡರಿನ ಉದ್ದ, ಅಂದರೆ 64
2: ಒಂದು ದಾಖಲೆಯ (ಮೂಲದ ಒಂದು ಸಾಲಿನ) ಉದ್ದ, ಅಂದರೆ 12
2: ಖಾಲಿ
4: ಒಟ್ಟು ದಾಖಲೆಗಳು
4: ದಾಖಲೆಗಳ ಸಿಆರ್‌ಸಿ-32 (ಬೈಟ್‌ಗಳು ಕೆಟ್ಟಿವೆಯಾ ಎಂದು ನೋಡಲು ಅವುಗಳಿಂದಲೇ ಲೆಕ್ಕ ಮಾಡಿದ ಸಂಖ್ಯೆ)
ಉಳಿದ 40: ಯಂತ್ರದ ಹೆಸರು, ಯುಟಿಎಫ್-8ನಲ್ಲಿ

ಗುರುತು ಹೇಗಿರಬೇಕು ಎನ್ನುವುದಕ್ಕೆ ಪಿಎನ್‌ಜಿ ಚಿತ್ರಗಳ ಮೊದಲ 8 ಬೈಟ್ ನೋಡಿ: 137, 80, 78, 71, 13, 10, 26, 10. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಯೋಚನೆ ತುಂಬಿರುವುದನ್ನು ಕಂಡರೆ ಖುಷಿಯಾಗುತ್ತದೆ. 137 ಸಾದಾ ಆಸ್ಕಿ ಟೆಕ್ಸ್ಟಿನಲ್ಲಿ ಬರುವುದೇ ಇಲ್ಲ. ದಾರಿಯಲ್ಲಿ ಯಾರಾದರೂ ಎಂಟನೇ ಬಿಟ್ ಕತ್ತರಿಸಿದರೆ ಈ ಬೈಟ್ ಬದಲಾಗುತ್ತದೆ, ಗೊತ್ತಾಗುತ್ತದೆ. ಮುಂದಿನ ಮೂರು ಆ ರೂಪದ ಹೆಸರಿನ ಅಕ್ಷರಗಳು. 13, 10 ಎಂಬುದು ವಿಂಡೋಸ್ ಥರದ ಸಾಲಿನ ಕೊನೆ, ಕೊನೆಯ 10 ಯೂನಿಕ್ಸ್ ಥರದ್ದು. ಯಾವುದೋ ಪ್ರೋಗ್ರಾಂ ಫೈಲನ್ನು ಟೆಕ್ಸ್ಟ್ ಎಂದುಕೊಂಡು ಸಾಲಿನ ಕೊನೆಗಳನ್ನು ತಿದ್ದಿದರೆ, ಎರಡು ದಿಕ್ಕಿನಲ್ಲೂ ಸಿಕ್ಕಿಬೀಳುತ್ತದೆ. 26 ಇರುವುದು ಹಳೆಯ ಡಾಸ್‌ನಲ್ಲಿ ಫೈಲನ್ನು ಪರದೆಗೆ ಸುರಿದಾಗ ಅಲ್ಲಿಗೇ ನಿಲ್ಲಲಿ ಎಂದು. ನೀವೂ ಇದೇ ಥರ ಮಾಡಿ. ಪಿಎನ್‌ಜಿ ಹೆಸರಿನ ಮೂರು ಅಕ್ಷರಗಳ ಬದಲು ನಿಮ್ಮ ಮೂರು ಅಕ್ಷರ ಹಾಕಿ, ಮೊದಲ ಬೈಟನ್ನೂ 128ಕ್ಕಿಂತ ದೊಡ್ಡದಾದ ಬೇರೊಂದಕ್ಕೆ ಬದಲಾಯಿಸಿ.

ಹೆಸರಿನ ಜಾಗದಲ್ಲಿ ಒಂದು ವಿಷಯ. ಯುಟಿಎಫ್-8ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡಕ್ಕೆ 3 ಬೇಕು. 'ಕಾ' ಎಂದರೆ ಕ ಮತ್ತು ದೀರ್ಘದ ಗುರುತು ಸೇರಿ 6. ಹೆಸರು ಉದ್ದವಾಯಿತೆಂದು 40ನೇ ಬೈಟ್‌ಗೆ ಸರಿಯಾಗಿ ಕತ್ತರಿಸಿದರೆ ಅಕ್ಷರದ ನಡುವೆಯೇ ತುಂಡಾಗಬಹುದು. ಓದುವಾಗ ದೋಷ ಬರುತ್ತದೆ. ಅಕ್ಷರ ಮುಗಿದ ಕಡೆ ಕತ್ತರಿಸಿ ಉಳಿದದ್ದಕ್ಕೆ ಸೊನ್ನೆ ತುಂಬಿ.

ಇಷ್ಟನ್ನೂ ಒಂದು ಪುಟದಲ್ಲಿ ಬರೆಯಿರಿ: ಪ್ರತಿ ಜಾಗ ಎಷ್ಟನೇ ಬೈಟ್‌ನಿಂದ ಶುರು, ಎಷ್ಟು ಉದ್ದ, ಚಿಹ್ನೆ ಇದೆಯಾ, ಗುಣಕ ಎಷ್ಟು, ಆಫ್‌ಸೆಟ್ ಎಷ್ಟು, ಯಾವ ಮಾನ, ಅಳತೆ ಇಲ್ಲದಿದ್ದರೆ ಯಾವ ಬೆಲೆ. ಈ ಪುಟವನ್ನು ಫೈಲುಗಳ ಜೊತೆ ಅದೇ ಫೋಲ್ಡರಿನಲ್ಲಿ ಇಡಿ. ಕೋಡ್ ಕಳೆದುಹೋದರೂ ಈ ಪುಟ ಇದ್ದರೆ ಡೇಟಾ ಬದುಕುತ್ತದೆ. ಪುಟ ಕಳೆದು ಬೈಟ್‌ಗಳು ಮಾತ್ರ ಉಳಿದರೆ ಅದು ಬೀಗದ ಕೈ ಇಲ್ಲದ ಪೆಟ್ಟಿಗೆ.

ಹಂತ 5: ಬರೆಯುವ ಪ್ರೋಗ್ರಾಂ

ಪೈಥಾನ್‌ನಲ್ಲಿ ಇದಕ್ಕೆ ಸ್ಟ್ರಕ್ಟ್ ಎಂಬ ಮಾಡ್ಯೂಲ್ ಇದೆ. ಅದರ ಪ್ಯಾಕ್ ಫಂಕ್ಷನ್‌ಗೆ ಒಂದು ಚಿಕ್ಕ ಸಂಕೇತದಲ್ಲಿ ಜೋಡಣೆಯನ್ನು ಹೇಳಬೇಕು. ನಮ್ಮ ದಾಖಲೆಗೆ ಮೊದಲು '<' ಚಿಹ್ನೆ. ಲಿಟಲ್ ಎಂಡಿಯನ್, ನೀನಾಗಿ ಖಾಲಿ ಬೈಟ್ ತುಂಬಬೇಡ ಎಂದು ಅದರ ಅರ್ಥ. ಆಮೇಲೆ ಇಂಗ್ಲಿಷಿನ ದೊಡ್ಡ ಐ, ಚಿಕ್ಕ ಎಚ್, ದೊಡ್ಡ ಎಚ್ ಎರಡು, ದೊಡ್ಡ ಬಿ ಎರಡು. ದೊಡ್ಡಕ್ಷರ ಅಂದರೆ ಚಿಹ್ನೆ ಇಲ್ಲದ್ದು, ಚಿಕ್ಕಕ್ಷರ ಅಂದರೆ ಚಿಹ್ನೆ ಇರುವುದು. ಈ ಸಂಕೇತವನ್ನು ಅದೇ ಮಾಡ್ಯೂಲಿನ ಕ್ಯಾಲ್ಕ್‌ಸೈಜ್ ಫಂಕ್ಷನ್‌ಗೆ ಕೊಟ್ಟರೆ ಉತ್ತರ 12 ಬರಬೇಕು. ಬರದಿದ್ದರೆ ಅಲ್ಲೇ ನಿಂತು ಸರಿಮಾಡಿ.

ಪ್ರೋಗ್ರಾಂ ನಡೆಯುವ ಕ್ರಮ ಹೀಗಿರಲಿ:

1. ತಾತ್ಕಾಲಿಕ ಹೆಸರಿನ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯಿರಿ. 64 ಸೊನ್ನೆ ಬೈಟ್ ಬರೆದು ಹೆಡರಿಗೆ ಜಾಗ ಹಿಡಿದುಕೊಳ್ಳಿ.
2. ಮೂಲದಿಂದ ಒಂದೊಂದೇ ಸಾಲು ಓದಿ. ಪೂರ್ತಿ ಫೈಲನ್ನು ಮೆಮೊರಿಗೆ ತರುವ ಅಗತ್ಯ ಇಲ್ಲ.
3. ಕಾಲಮ್ಮುಗಳು ಐದೇ ಇವೆಯಾ ನೋಡಿ. ಇಲ್ಲದಿದ್ದರೆ ಆ ಸಾಲನ್ನು ಪ್ರತ್ಯೇಕ ದೋಷದ ಫೈಲಿಗೆ, ಸಾಲಿನ ಸಂಖ್ಯೆ ಸಮೇತ ಬರೆಯಿರಿ.
4. ಸಮಯ ಬದಲಾಯಿಸಿ, ಬೆಲೆಗಳನ್ನು ಗುಣಿಸಿ, ಪೂರ್ಣಾಂಕಕ್ಕೆ ಸರಿಹೊಂದಿಸಿ, ಮಿತಿ ಪರೀಕ್ಷಿಸಿ.
5. ಪ್ಯಾಕ್ ಮಾಡಿ ಬರೆಯಿರಿ. ಸಿಆರ್‌ಸಿಯನ್ನೂ ಎಣಿಕೆಯನ್ನೂ ಜೊತೆಜೊತೆಗೇ ಮುಂದುವರಿಸಿ. ಸಿಆರ್‌ಸಿ-32 ಲೆಕ್ಕ ಪೈಥಾನ್‌ನ ಝಡ್‌ಲಿಬ್ ಮಾಡ್ಯೂಲಿನಲ್ಲಿ ಸಿದ್ಧ ಇದೆ.
6. ಎಲ್ಲ ಮುಗಿದ ಮೇಲೆ ಫೈಲಿನ ಆರಂಭಕ್ಕೆ ಮರಳಿ ನಿಜವಾದ ಹೆಡರ್ ಬರೆಯಿರಿ. ಮುಚ್ಚಿ. ಆಮೇಲೆ ಮಾತ್ರ ಸರಿಯಾದ ಹೆಸರಿಗೆ ಬದಲಾಯಿಸಿ.

ಹೆಡರನ್ನು ಕೊನೆಗೆ ಬರೆಯುವುದರಲ್ಲಿ ಒಂದು ಉಪಾಯ ಇದೆ. ನಡುವೆ ವಿದ್ಯುತ್ ಹೋದರೆ ಫೈಲಿನ ಮೊದಲ 64 ಬೈಟ್ ಬರೀ ಸೊನ್ನೆ. ಗುರುತೇ ಇಲ್ಲದ ಫೈಲನ್ನು ಯಾರೂ ಪೂರ್ತಿ ಫೈಲ್ ಎಂದು ನಂಬುವುದಿಲ್ಲ.

ಬೈನರಿ ಮೋಡ್ ಎಂಬ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಸಿ ಭಾಷೆಯಲ್ಲಿ, ವಿಂಡೋಸ್‌ನಲ್ಲಿ, ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ತೆರೆದರೆ 10 ಎಂಬ ಪ್ರತಿ ಬೈಟ್‌ನ ಮುಂದೆ 13 ಸೇರಿಕೊಳ್ಳುತ್ತದೆ. ನಮ್ಮ ಉಷ್ಣಾಂಶ 186, 10 ಎಂದಿತ್ತು. ಅದು 186, 13, 10 ಆಗುತ್ತದೆ. ದಾಖಲೆ 13 ಬೈಟ್ ಆಯಿತು, ಅಲ್ಲಿಂದ ಮುಂದಿನದೆಲ್ಲ ಒಂದು ಜಾಗ ಸರಿಯಿತು. ಲಿನಕ್ಸ್‌ನಲ್ಲಿ ಅದೇ ಕೋಡ್ ಸರಿಯಾಗಿ ನಡೆಯುವುದರಿಂದ ಕಾರಣ ಹುಡುಕುವುದು ಕಷ್ಟ.

ಡೇಟಾ ತುಂಬ ದೊಡ್ಡದಿದ್ದರೆ ಪೈಥಾನ್‌ನ ನಮ್‌ಪೈ ಲೈಬ್ರರಿ ಬಳಸಿ. ಅದರಲ್ಲಿ ಪ್ರತಿ ಕಾಲಮ್ಮಿಗೆ ಬೇರೆ ಬೇರೆ ರೀತಿಯ ಜಾಗ ಇರುವ ಅರೇ ಮಾಡಬಹುದು. ಒಂದೇ ಸಲಕ್ಕೆ ಲಕ್ಷಾಂತರ ದಾಖಲೆ ಬರೆಯಬಹುದು. ಓದುವಾಗ ಅದರ ಮೆಮ್‌ಮ್ಯಾಪ್ ಬಳಸಿದರೆ ಬೇಕಾದ ಭಾಗ ಮಾತ್ರ ಡಿಸ್ಕಿನಿಂದ ಬರುತ್ತದೆ.

ಹಂತ 6: ವಾಪಸ್ ತಂದು ನೋಡಿ

ಫೈಲ್ ಬರೆದಾಯಿತು ಎಂದರೆ ಅರ್ಧ ಕೆಲಸ ಆಯಿತು ಅಷ್ಟೇ. ಅದನ್ನು ಓದಿ ಮತ್ತೆ ಟೆಕ್ಸ್ಟ್ ಮಾಡಿ, ಮೂಲದ ಜೊತೆ ಹೋಲಿಸಿ ಸರಿ ಬರುವವರೆಗೆ ಮೂಲ ಫೈಲನ್ನು ಅಳಿಸುವ ಮಾತೇ ಬೇಡ. ಅಳಿಸದೆ ಇಡಲು ಜಾಗ ಇದ್ದರೆ, ಒತ್ತಿ ಸಂಕುಚಿತ ಮಾಡಿ ಇಟ್ಟುಕೊಳ್ಳಿ ಎಂಬುದೇ ನನ್ನ ಸಲಹೆ.

ಮೊದಲು ಅಳತೆ. ಫೈಲಿನ ಒಟ್ಟು ಬೈಟ್‌ಗಳಿಂದ 64 ಕಳೆದು 12ರಿಂದ ಭಾಗಿಸಿ. ಶೇಷ ಸೊನ್ನೆ ಬರಬೇಕು. ಭಾಗಲಬ್ಧ ಹೆಡರಿನಲ್ಲಿರುವ ಎಣಿಕೆಗೆ ಸಮ ಇರಬೇಕು. ಪೂರ್ತಿ ಒಂದು ದಿನದ ಫೈಲ್ 10,36,864 ಬೈಟ್ ಇರುತ್ತದೆ. ಟೆಕ್ಸ್ಟ್ ಮೋಡ್‌ನ ತಪ್ಪು ಈ ಒಂದು ಲೆಕ್ಕದಲ್ಲೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಆಮೇಲೆ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ಮೊದಲ ದಾಖಲೆಯನ್ನು ಕಣ್ಣಾರೆ ನೋಡಿ. ಲಿನಕ್ಸ್‌ನ ಓಡಿ ಎಂಬ ಕಮಾಂಡ್ ಬೈಟ್‌ಗಳನ್ನು ದಶಮಾನದಲ್ಲೂ ತೋರಿಸುತ್ತದೆ. ಕಾಗದದ ಮೇಲೆ ಬರೆದ 12 ಸಂಖ್ಯೆಗಳು ಅದೇ ಕ್ರಮದಲ್ಲಿ ಕಾಣಬೇಕು.

ಮೂರನೆಯದು ಪೂರ್ತಿ ಹೋಲಿಕೆ. ಇಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಬೇಡಿ. ಮೂಲದಲ್ಲಿ 61.20 ಎಂದಿದ್ದು ನಿಮ್ಮದು 61.2 ಎಂದು ಬರೆದರೆ ಅದು ತಪ್ಪಲ್ಲ. ಸಂಖ್ಯೆಗಳಾಗಿ ಓದಿ ಹೋಲಿಸಿ. ವ್ಯತ್ಯಾಸ ಕೊನೆಯ ಅಂಕಿಯ ಅರ್ಧಕ್ಕಿಂತ ಕಡಿಮೆ ಇರಬೇಕು. ಓದುವ ಪ್ರೋಗ್ರಾಂ ಬರೆಯುವಾಗ ಬರೆಯುವ ಪ್ರೋಗ್ರಾಂನ ಸಂಕೇತವನ್ನು ನಕಲು ಮಾಡಬೇಡಿ, ವಿವರದ ಪುಟವನ್ನು ನೋಡಿ ಬರೆಯಿರಿ. ಇನ್ನೊಬ್ಬರು ಬರೆದುಕೊಟ್ಟರೆ ಇನ್ನೂ ಉತ್ತಮ. ಎರಡೂ ಕಡೆ ಒಂದೇ ತಪ್ಪು ಇದ್ದರೆ ಹೋಲಿಕೆ ಸರಿ ಅಂತಲೇ ಬರುತ್ತದೆ, ಅದಕ್ಕೇ ಈ ಎಚ್ಚರ.

ಕೊನೆಗೆ ಒಂದು ಚಿಕ್ಕ ಪರೀಕ್ಷಾ ಫೈಲ್ ಕೈಯಾರೆ ಮಾಡಿ. ಅದರಲ್ಲಿ ಸೊನ್ನೆ, -0.01, 0.29, ಮಿತಿಯ ಎರಡು ತುದಿಗಳು, ಮಿತಿಯನ್ನು ಸ್ವಲ್ಪವೇ ದಾಟಿದ ಬೆಲೆ, ಖಾಲಿ ಜಾಗ, ಅರ್ಧ ಸಾಲು ಎಲ್ಲ ಇರಲಿ. ಒಂದೂ ಸಾಲು ಇಲ್ಲದ ಫೈಲನ್ನೂ ಕೊಟ್ಟು ನೋಡಿ. ಬರೀ 64 ಬೈಟ್‌ನ, ಎಣಿಕೆ ಸೊನ್ನೆ ಇರುವ ಫೈಲ್ ಬರಬೇಕು.

ಬೆಲೆ ತಪ್ಪು ಬಂದರೆ ಎಲ್ಲಿ ಹುಡುಕಬೇಕು

ತಪ್ಪು ಬೆಲೆಯೇ ಕಾರಣವನ್ನು ಹೇಳುತ್ತದೆ. 27.46ರ ಜಾಗದಲ್ಲಿ -179.10 ಬಂದಿದೆಯಾ? ಬೈಟ್‌ಗಳ ಕ್ರಮ ತಿರುಗಿದೆ. 186, 10 ಅನ್ನು ಬಿಗ್ ಎಂಡಿಯನ್ ಎಂದು ಓದಿದರೆ ಸರಿಯಾಗಿ ಅದೇ ಬರುತ್ತದೆ. ಚಳಿಯ ದಿನದ -3.25ರ ಬದಲು 652.11 ಬಂದರೆ ಚಿಹ್ನೆ ಇರುವುದನ್ನು ಚಿಹ್ನೆ ಇಲ್ಲದ್ದು ಎಂದು ಓದಿದ್ದೀರಿ. ಮೊದಲ ದಾಖಲೆ ಸರಿ, ಎರಡನೆಯದರಿಂದ ಕಸ ಎಂದಾದರೆ ದಾಖಲೆಯ ಉದ್ದ ಎರಡೂ ಕಡೆ ಬೇರೆ ಇದೆ. ಸಿ ಸ್ಟ್ರಕ್ಟ್‌ನ ಖಾಲಿ ಬೈಟ್‌ಗಳನ್ನು ಎಣಿಸಿ. ಎಷ್ಟೋ ದಾಖಲೆ ಸರಿಯಿದ್ದು ನಡುವೆ ಎಲ್ಲೋ ಹಳಿ ತಪ್ಪಿದರೆ ಟೆಕ್ಸ್ಟ್ ಮೋಡ್. ಅಲ್ಲಲ್ಲಿ 0.01 ಕಡಿಮೆ ಬಂದರೆ ಸರಿಹೊಂದಿಸುವ ಬದಲು ಕತ್ತರಿಸಿದ್ದೀರಿ. ಎಲ್ಲ ಸಮಯವೂ ಒಂದೇ ಅಳತೆಯಲ್ಲಿ ಮುಂದೆ ಅಥವಾ ಹಿಂದೆ ಇದ್ದರೆ ಟೈಮ್ ಝೋನ್.

ಆವೃತ್ತಿ 2 ಬಂದಾಗ

ಇಂದಲ್ಲ ನಾಳೆ ಯಂತ್ರಕ್ಕೆ ಹೊಸ ಸೆನ್ಸರ್ ಬರುತ್ತದೆ. ಗಾಳಿಯ ವೇಗವೂ ಬೇಕು ಅನ್ನುತ್ತಾರೆ. ಹೆಡರಿನಲ್ಲಿ ಆವೃತ್ತಿಯನ್ನೂ ದಾಖಲೆಯ ಉದ್ದವನ್ನೂ ಇಟ್ಟದ್ದು ಇದಕ್ಕೇ. ಹೊಸ ಜಾಗಗಳನ್ನು ದಾಖಲೆಯ ಕೊನೆಗೆ ಮಾತ್ರ ಸೇರಿಸಿ. 2 ಬೈಟ್‌ನ ವೇಗ, 2 ಬೈಟ್ ಖಾಲಿ, ಒಟ್ಟು 16. ಮೊದಲ 12 ಬೈಟ್‌ಗಳ ಅರ್ಥ ಬದಲಾಗಬಾರದು. ಓದುವ ಪ್ರೋಗ್ರಾಂ 12 ಎಂದು ತನ್ನೊಳಗೆ ಬರೆದುಕೊಂಡಿರದೆ ಹೆಡರಿನಿಂದ ಉದ್ದ ತೆಗೆದುಕೊಂಡರೆ, ಹಳೆಯ ಪ್ರೋಗ್ರಾಂ ಕೂಡ ಹೊಸ ಫೈಲಿನಲ್ಲಿ ತನಗೆ ಗೊತ್ತಿರುವಷ್ಟನ್ನು ಓದಿ ಉಳಿದದ್ದನ್ನು ದಾಟಿ ಹೋಗುತ್ತದೆ.

ಹಳೆಯ ಜಾಗದ ಅರ್ಥವನ್ನೇ ಬದಲಿಸಬೇಕಾಗಿ ಬಂದರೆ, ಉದಾಹರಣೆಗೆ ಬಲೂನಿಗಾಗಿ ಒತ್ತಡಕ್ಕೆ 4 ಬೈಟ್ ಕೊಡಬೇಕಾದರೆ, ಗುರುತಿನ ಮೂರು ಅಕ್ಷರಗಳನ್ನೇ ಬದಲಾಯಿಸಿ. ಆಗ ಹಳೆಯ ಪ್ರೋಗ್ರಾಂ ಆ ಫೈಲನ್ನು ತೆರೆಯಲು ಒಪ್ಪುವುದೇ ಇಲ್ಲ. ಅದು 'ಈ ರೂಪ ನನಗೆ ಗೊತ್ತಿಲ್ಲ' ಎಂಬ ಸಂದೇಶವನ್ನು ಸ್ಪಷ್ಟವಾಗಿ ತೋರಿಸಿ ನಿಲ್ಲುವಂತೆ ಮೊದಲ ಆವೃತ್ತಿಯಲ್ಲೇ ಬರೆದಿಡಿ.